ಬೆಳಕಿನ ಚಾಣ

ಗಜೇಂದ್ರಗಡಕ್ಕೆ ಸಮೀಪದ ಸೂಡಿ ಇಂದು ಚಿಕ್ಕ ಊರು. 11ನೆಯ ಶತಮಾನದಲ್ಲಿ ಅದು ಕಿಸುಕಾಡು ಎಪ್ಪತ್ತು ಎಂಬ ಸೀಮೆಯ ಹಿರಿಯ ಪಟ್ಟಣಗಳಲ್ಲೊಂದು; ಕಲ್ಯಾಣ ಚಾಲುಕ್ಯರ ಮನೆತನದ ಅಕ್ಕಾದೇವಿ ಆಳಿದ ನಾಡು. ಅಲ್ಲಿನ ಶಾಸನಗಳ ಅಕ್ಷರಗಳನ್ನು ಚಾಣವು ಕಲ್ಲಿನ ಒಳಕ್ಕಿಳಿದು ಕೊರೆದಿದೆ. ಆ ತಗ್ಗಿನ ಬಲದಿಂದಲೇ ಸಾವಿರ ವರ್ಷಗಳ ಬಿಸಿಲು ಮಳೆಗಳನ್ನು ದಾಟಿ ಅವು ನಮ್ಮ ಕಾಲದವರೆಗೆ ಬಂದಿವೆ.

ಗುಡಿಗೆ ದೇಣಿಗೆ ಕೊಟ್ಟವರು ಹಿರಿಯರ ಹೆಸರನ್ನು ಕಲ್ಲಿನಲ್ಲಿ ಬರೆಸುವ ವಾಡಿಕೆ ರೋಣ, ನರಗುಂದಗಳ ಸೀಮೆಗೆ ಹೊಸದಲ್ಲ. ಆದರೆ ಈಗ ಹೆಸರು ಬರೆಸಹೊರಟವರ ಮುಂದೆ ಎರಡು ದಾರಿಗಳಿವೆ: ಕಲ್ಲುಕುಟಿಗನ ಚಾಣ, ಇಲ್ಲವೇ ಲೇಸರ್ ಯಂತ್ರ. ಯಂತ್ರದ ಕೆಲಸ ಬೇಗ ಮುಗಿಯುತ್ತದೆ. ಅದು ಅಜ್ಜನ ಭಾವಚಿತ್ರವನ್ನು ಮೀಸೆಯ ಎಳೆ ಸಹಿತ ಮೂಡಿಸಿಕೊಡುತ್ತದೆ. ಆ ಹೆಸರು ಎಷ್ಟು ಕಾಲ ಉಳಿದೀತು ಎಂಬುದು ಮಾತ್ರ ಯಂತ್ರ ಕೆಲಸ ಮಾಡುವ ಬಗೆಯನ್ನು ತಿಳಿದವರಿಗೇ ಗೊತ್ತಾಗುವ ಸಂಗತಿ.

ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದ ಸುಡುವ ಆಟವನ್ನು ಆಡದ ಮಕ್ಕಳಿಲ್ಲ. ಲೇಸರ್ ಯಂತ್ರದ್ದೂ ಆ ಆಟವೇ. ವ್ಯತ್ಯಾಸ ಬೆಳಕಿನಲ್ಲಿದೆ. ಬಿಸಿಲಿನ ಅಲೆಗಳು ಜಾತ್ರೆಯ ಜನದಂತೆ ಚದರಿ ನಡೆದರೆ, ಲೇಸರಿನ ಅಲೆಗಳು ಕವಾಯತಿನ ಸಿಪಾಯಿಗಳಂತೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತವೆ. ಆದುದರಿಂದ ಅವನ್ನು ಕೂದಲೆಳೆಯಷ್ಟು ಕಿರಿದಾದ ಚುಕ್ಕೆಗೆ ಇಳಿಸಬಹುದು. ಇಂಥ ಬೆಳಕನ್ನು 1960ರಲ್ಲಿ ಥಿಯೊಡೋರ್ ಮೈಮನ್ ಎಂಬ ಅಮೆರಿಕದ ವಿಜ್ಞಾನಿ ಕೆಂಪು ಹರಳೊಂದರಿಂದ ಮೊದಲು ಹೊರತೆಗೆದನು. ಕತ್ತರಿಸುವ ಅಂಗಡಿಗಳಿಗೆ ಒದಗಿದ ಲೇಸರನ್ನು ಕೊಟ್ಟವರು ನಮ್ಮ ನೆರೆನಾಡಿನವರೇ: ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿದ್ದ ಕುಮಾರ್ ಪಟೇಲ್. 1964ರಲ್ಲಿ ಅವರು ಬಳಸಿದ್ದು ಇಂಗಾಲದ ಡೈ ಆಕ್ಸೈಡನ್ನು. ಸೋಡಾ ಬಾಟಲಿಯಲ್ಲಿ ಬುಸುಗುಟ್ಟುವ ಅನಿಲವು ಮರವನ್ನು ಕೊಯ್ದೀತೆಂದು ಯಾರು ಎಣಿಸಿದ್ದರು!

ಗಾಜಿನ ಉದ್ದ ಕೊಳವೆಯೊಂದರಲ್ಲಿ ಈ ಅನಿಲದ ಜತೆಗೆ ಸಾರಜನಕ, ಹೀಲಿಯಂಗಳಿರುತ್ತವೆ. ವಿದ್ಯುತ್ತಿನ ಹೊಡೆತಕ್ಕೆ ಸಾರಜನಕವು ಕೆರಳಿ, ತನ್ನ ಶಕ್ತಿಯನ್ನು ಇಂಗಾಲದ ಡೈ ಆಕ್ಸೈಡಿಗೆ ದಾಟಿಸುತ್ತದೆ. ಅದು ಬೆಳಕನ್ನು ಸೂಸುತ್ತದೆ. ಎರಡು ತುದಿಯ ಕನ್ನಡಿಗಳ ನಡುವೆ ಓಡಾಡಿ ಬಲಿತ ಆ ಬೆಳಕಿನ ಒಂದು ಪಾಲು ಹೊರಬಿದ್ದು, ಬೇರೆ ಕನ್ನಡಿಗಳ ಮೂಲಕ ತಿರುಗಿ, ಮಸೂರದ ಕೆಳಗೆ ಚುಕ್ಕೆಯಾಗುತ್ತದೆ. ಕೊಳವೆ ಕಾಯದಂತೆ ಸುತ್ತ ನೀರು ಹರಿಯುತ್ತಿರುತ್ತದೆ. ಕಿರಣ ಕಣ್ಣಿಗೆ ಕಾಣದು; ಕಾಣುವುದು ಹೊಗೆ ಮತ್ತು ಕಿಡಿ. ಕಂಪ್ಯೂಟರು ಹೇಳಿದತ್ತ ಮಸೂರ ಚಲಿಸುತ್ತದೆ. ಮೆಲ್ಲಗೆ ಚಲಿಸಿದರೆ ಹಲಗೆ ತುಂಡಾಗುತ್ತದೆ, ವೇಗದಿಂದ ಹಿಂದುಮುಂದೆ ಓಡಿದರೆ ಮೇಲ್ಮೈಯಷ್ಟೇ ಸುಟ್ಟು ಅಕ್ಷರ ಮೂಡುತ್ತದೆ.

ಮರ, ಅಕ್ರಿಲಿಕ್, ತೊಗಲುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಪಿ.ವಿ.ಸಿ. ಹಾಳೆಯನ್ನು ಮಾತ್ರ ಇದರಡಿ ಇಡಲಾಗದು. ಅದರ ಹೊಗೆಯಲ್ಲಿ ಹೊರಡುವ ಆಮ್ಲವು ಯಂತ್ರವನ್ನೂ ಕೆಲಸಗಾರನ ಶ್ವಾಸಕೋಶವನ್ನೂ ತಿನ್ನುತ್ತದೆ. ಮದುವೆಯ ಸ್ಟೀಲು ಪಾತ್ರೆಗಳ ಮೇಲೆ ಹೆಸರು ಹಾಕಲು ಬೇರೊಂದು ಲೇಸರು ಬೇಕು, ಏಕೆಂದರೆ ಈ ಕಿರಣಕ್ಕೆ ಲೋಹವು ಕನ್ನಡಿಯಿದ್ದಂತೆ. ಗಾಜಿನ ತಂತುವಿನಲ್ಲಿ ಹುಟ್ಟುವ ಆ ಇನ್ನೊಂದು ಕಿರಣವೂ ಕಾಣದು. ಅದು ಕಣ್ಣಿನ ಒಳಪರದೆಯನ್ನೇ ಸುಡಬಲ್ಲದು. ಮಕ್ಕಳನ್ನು ಯಂತ್ರದ ಬಳಿ ಬಿಡದಿರುವುದೇ ಲೇಸು.

ಇನ್ನು ಕಲ್ಲಿನ ಮಾತು. ಕಲ್ಲು ಮರದಂತೆ ಆವಿಯಾಗಿ ಹೋಗುವುದಿಲ್ಲ. ಕಿರಣದ ಕಾವಿಗೆ ನಯವಾದ ಮೈಯ ಹರಳುಗಳು ಸಣ್ಣಗೆ ಬಿರಿಯುತ್ತವೆ. ಬಿರಿದ ಜಾಗ ಬಿಳುಪಾಗಿ ಕಾಣುತ್ತದೆ. ಹೊಳಪು ಕೊಟ್ಟ ಕರಿಯ ಗ್ರಾನೈಟಿನ ಮೇಲೆ ಚಿತ್ರ ಅಷ್ಟು ಸೊಗಸಾಗಿ ಬರುವುದು ಇದರಿಂದಲೇ. ಆದರೆ ಅದು ಬಣ್ಣದ ಭೇದವೇ ಹೊರತು ಆಳವಲ್ಲ. ಉಗುರಾಡಿಸಿದರೆ ತುಸು ಒರಟು ತಾಗೀತು, ಅಷ್ಟೆ. ಗೋಡೆಯ ಮೇಲೆ, ನೆರಳಿನಲ್ಲಿ ಅದು ಬಹುಕಾಲ ಬಾಳುತ್ತದೆ. ಜನ ತುಳಿಯುವ ಮೆಟ್ಟಿಲಿಗೆ ಅದು ತಕ್ಕುದಲ್ಲ. ಅಂಥಲ್ಲಿ ಕಲ್ಲಿಗೆ ರಬ್ಬರು ಹಾಳೆ ಅಂಟಿಸಿ, ಅಕ್ಷರದ ಜಾಗವನ್ನಷ್ಟೇ ಕತ್ತರಿಸಿ ತೆಗೆದು, ಒತ್ತಡದಿಂದ ಮರಳನ್ನು ಊದಿ ತಗ್ಗು ಮಾಡುವವರಿದ್ದಾರೆ. ಇಲ್ಲವೇ ಚಾಣ ಹಿಡಿದವನನ್ನೇ ಕರೆಸಬೇಕು.