ತಾಲೂಕು ಪಂಚಾಯತಿ ನಿರರ್ಥಕವೆಂಬವರಿಗೆ

ತಾಲೂಕು ಪಂಚಾಯತಿಗಳು ನಿರರ್ಥಕವೆಂದೂ ಅವುಗಳ ಕಾರ್ಯವನ್ನು ಅಧಿಕಾರಿಗಳೇ ನಿರ್ವಹಿಸಬಲ್ಲರೆಂದೂ ಕಳೆದ ಸಂಚಿಕೆಯಲ್ಲಿ ಪ್ರತಿಪಾದಿಸಿದ ಲೇಖಕರ ಮತವನ್ನು ನಾನು ಒಪ್ಪಲಾರೆನು. 2021ರಲ್ಲಿ ಅವಧಿ ತೀರಿದ ತರುವಾಯ ಚುನಾವಣೆಯನ್ನೇ ಕಾಣದೆ ಆಡಳಿತಾಧಿಕಾರಿಗಳ ವಶಕ್ಕೆ ಹೋದ ಸಂಸ್ಥೆಗಳನ್ನು ನಿಷ್ಕ್ರಿಯವೆಂದು ದೂಷಿಸುವುದು ಘೋರ ಅನ್ಯಾಯ. ಗೋಕಾಕದಿಂದ ಬೇರ್ಪಟ್ಟ ಮೂಡಲಗಿಯಂತೂ ಸ್ವತಂತ್ರ ತಾಲೂಕಾಗಿ ಅಂಥದೊಂದು ಚುನಾವಣೆಯನ್ನೇ ಕಂಡಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭಾ ನದಿ ಉಕ್ಕಿ ಗೋಕಾಕದ ಬಳಿಯ ಲೋಳಸೂರ ಸೇತುವೆ ಮುಳುಗಿದಾಗ, ಯಾವ ಓಣಿಯಲ್ಲಿ ಮುದುಕಿಯೊಬ್ಬಳು ಒಂಟಿಯಾಗಿರುವಳು, ಯಾರ ಎಮ್ಮೆ ಇನ್ನೂ ಗೂಟದಲ್ಲಿಯೇ ಇದೆ ಎಂಬುದನ್ನು ಬಲ್ಲವರು ಊರಿನ ಪಂಚಾಯತಿ ಸದಸ್ಯರೇ ಹೊರತು ನಿನ್ನೆ ವರ್ಗವಾಗಿ ಬಂದ ಅಧಿಕಾರಿಗಳಲ್ಲ. ಗ್ರಾಮೀಣರಿಗೆ ಆಡಳಿತದ ಸಾಮರ್ಥ್ಯವಿಲ್ಲವೆಂಬ ಮಾತಿಗಾದರೋ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸಾಕು: 1969ರಲ್ಲಿ ಸ್ಥಾಪಿತವಾದ ಅದು ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಇಂದಿಗೂ ವಿದ್ಯುತ್ತನ್ನು ಹಂಚುತ್ತಿದೆ. ಲೇಖಕರು ರದ್ದತಿಯನ್ನಲ್ಲ, ಚುನಾವಣೆಯ ದಿನಾಂಕವನ್ನು ಕೇಳಬೇಕಿತ್ತು.