ನಲವತ್ತು ದಿನ ಬಿಡಬಲ್ಲವರು

ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ದೇವಾಲಯದಿಂದ ಹೊರಬಂದವರಲ್ಲಿ ಕೆಲವರು ಅಂದೇ ಜೇಬಿನ ಸಿಗರೇಟು ಪೊಟ್ಟಣವನ್ನು ಚರಂಡಿಗೆ ಎಸೆಯುವುದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ತಪಸ್ಸು ಕಾಲದ ನಲವತ್ತು ದಿನ ಅವರು ಅದನ್ನು ಮುಟ್ಟುವುದಿಲ್ಲ. ಕಚೇರಿಯಲ್ಲಿ ಮೇಲಧಿಕಾರಿ ರೇಗಿದರೂ ಮುಟ್ಟುವುದಿಲ್ಲ, ಗೆಳೆಯರು ಬಲವಂತ ಮಾಡಿದರೂ ಮುಟ್ಟುವುದಿಲ್ಲ. (ಭಾನುವಾರ ತಪಸ್ಸಿನ ಲೆಕ್ಕಕ್ಕೆ ಸೇರದೆಂದು ವಾದಿಸಿ ಅಂದು ಮಾತ್ರ ಸೇದುವ ಪಂಡಿತರೂ ಉಂಟು, ಅವರ ಮಾತು ಬೇರೆ.) ಪಾಸ್ಕ ಜಾಗರಣೆಯ ಬಲಿಪೂಜೆ ಮುಗಿದು, ಪರಸ್ಪರ ಹಬ್ಬದ ಶುಭಾಶಯ ಹೇಳಿ, ಆವರಣದ ಗೇಟು ದಾಟುವಷ್ಟರಲ್ಲಿ ಕತ್ತಲಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸುತ್ತದೆ. ಯಾರನ್ನೂ ಹೀಗಳೆಯಲು ನಾವಿದನ್ನು ಬರೆಯುತ್ತಿಲ್ಲ. ಹಾಗೆ ಕಡ್ಡಿ ಗೀರಿದವರಲ್ಲಿ ಹನ್ನೊಂದು ವರ್ಷ ನಾವೂ ಇದ್ದೆವು.

ನಲವತ್ತು ದಿನ ಬಿಡಬಲ್ಲವನು ನಲವತ್ತೊಂದನೆಯ ದಿನ ಏಕೆ ಬಿಡಲಾರ? ದೇಹ ಕೇಳುತ್ತದೆ ಎಂಬ ಉತ್ತರ ಇಲ್ಲಿ ಸಲ್ಲದು. ಸೇದುವುದನ್ನು ನಿಲ್ಲಿಸಿದವನಿಗೆ ನಿಕೋಟಿನ್ನಿಗಾಗಿ ಆಗುವ ಚಡಪಡಿಕೆ, ಸಿಡುಕು, ನಿದ್ರೆಗೇಡು ಮೊದಲ ಎರಡು ಮೂರು ದಿನ ತೀವ್ರವಾಗಿದ್ದು ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ಅಂದರೆ ಗರಿಗಳ ಭಾನುವಾರ ಬರುವ ವೇಳೆಗೆ ದೇಹ ತನ್ನ ಹಟದ ಬಹುಪಾಲನ್ನು ಮುಗಿಸಿರುತ್ತದೆ. ಮುಗಿಸದೆ ಕುಳಿತಿರುವುದು ಮನಸ್ಸು. ನಾವಂತೂ ಆ ಹನ್ನೊಂದು ವರ್ಷವೂ ಸಿಗರೇಟನ್ನು ಬಿಟ್ಟಿರಲಿಲ್ಲ. ಪಾಸ್ಕ ಹಬ್ಬಕ್ಕೆಂದು ಎತ್ತಿಟ್ಟಿದ್ದೆವು. ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆವು.

ಇನ್ನು ಭಯದ ವಿಚಾರ. ಧೂಮಪಾನ ಕೊಲ್ಲುತ್ತದೆಂಬುದು ಇಂದು ಯಾರಿಗೂ ಹೊಸ ಸುದ್ದಿಯಲ್ಲ. ಬ್ರಿಟನ್ನಿನಲ್ಲಿ 1951ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಸಾವಿರಾರು ವೈದ್ಯರನ್ನೇ ಆರಿಸಿಕೊಂಡು ಆರಂಭಿಸಿದ ಅಧ್ಯಯನದ ಐವತ್ತು ವರ್ಷಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಕೊನೆಯವರೆಗೂ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. ಅರವತ್ತರಲ್ಲಿ ಬಿಟ್ಟವರು ಅದರಲ್ಲಿ 3 ವರ್ಷ, ಐವತ್ತರಲ್ಲಿ ಬಿಟ್ಟವರು 6, ನಲವತ್ತರಲ್ಲಿ ಬಿಟ್ಟವರು 9 ವರ್ಷ ಉಳಿಸಿಕೊಂಡಿದ್ದರು. ನಮ್ಮ ದೇಶದಲ್ಲಿ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರಗಳು 2009ರಿಂದ ಬಂದವು. 2016ರಿಂದ ಅವು ಪೊಟ್ಟಣದ 85 ಪಾಲನ್ನು ಆವರಿಸಿವೆ. ನಾವು ಮಾಡಿದ್ದೇನು? ಗಂಟಲು ಹುಣ್ಣಿನ ಚಿತ್ರವಿದ್ದ ಪೊಟ್ಟಣವನ್ನು ಅಂಗಡಿಯವನಿಗೆ ಹಿಂದಿರುಗಿಸಿ ಬೇರೆಯದನ್ನು ಕೇಳಿ ಪಡೆದೆವು. ಭಯ ಮನುಷ್ಯನನ್ನು ಬೆಚ್ಚಿಬೀಳಿಸಬಲ್ಲದು. ಆದರೆ ಬೆಚ್ಚಿದ ಚಟಗಾರನ ಕೈ ಮೊದಲು ಹೋಗುವುದು ಸಿಗರೇಟಿನತ್ತಲೇ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೇದುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡುವ ಯೋಚನೆ ತಮಗಿದೆ ಎಂದಿದ್ದರು. ಯೋಚನೆ ಎಲ್ಲರಲ್ಲೂ ಇದೆ.

ದುಃಖವಾದರೂ ಬಿಡಿಸುತ್ತದೆಯೇ? ನಮ್ಮ ತಂದೆಯವರು ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದರು. ಗುರುಗಳು ಬಂದು ತೈಲ ಸವರಿ ಪ್ರಾರ್ಥಿಸಿ ಹೋಗಿದ್ದರು. ರಾತ್ರಿ ಒಂಬತ್ತರ ಸುಮಾರಿಗೆ, ಹತ್ತು ನಿಮಿಷ ಎಂದುಕೊಂಡು ನಾವು ಎದುರಿನ ಚಹಾ ಅಂಗಡಿಗೆ ಇಳಿದೆವು. ಮರಳಿ ಮೆಟ್ಟಿಲು ಹತ್ತುವಾಗ ತಂಗಿಯ ಅಳು ಕೇಳಿಸಿತು. "ಅಣ್ಣ ಎಲ್ಲಿ ಅಂತ ಅಪ್ಪ ಕೇಳಿದರು, ಈಗ ಬರ್ತಾನೆ ಅಂದೆ" ಎಂದಳು. ಇಷ್ಟಾದ ಮೇಲೆ ಯಾರಾದರೂ ಸೇದುವುದನ್ನು ಬಿಡುತ್ತಾರೆಂದು ಓದುಗರು ಭಾವಿಸಬಹುದು. ನಾವು ಆ ರಾತ್ರಿ ಏಳು ಸಿಗರೇಟು ಸೇದಿದೆವು. ಪಾಪನಿವೇದನೆಯಲ್ಲಿ ಹೇಳಿಕೊಂಡೆವು, ಅತ್ತೆವು, ಹೊರಬಂದು ಮತ್ತೆ ಹಚ್ಚಿದೆವು. ಮುಂದಿನ ಎರಡು ವರ್ಷ, ಪಶ್ಚಾತ್ತಾಪವೇ ಸೇದುವುದಕ್ಕೆ ಒಂದು ನೆಪವಾಗಿತ್ತು.

ಬಿಡಿಸಿದ್ದು ಬಹಳ ಸಣ್ಣ ಸಂಗತಿ. ತಂಗಿಯ ಮಗಳ ನಿಶ್ಚಿತಾರ್ಥದ ದಿನ ಊಟದ ನಡುವೆ ನಾವು ಎಂದಿನಂತೆ ಎದ್ದಾಗ, ಎಂಟು ವರ್ಷದ ಹುಡುಗನೊಬ್ಬ ತಾಯಿಗೆ, "ಮಾವ ಯಾವಾಗಲೂ ಹೊರಗೇ ಇರ್ತಾರೆ ಅಲ್ವಾ ಅಮ್ಮಾ?" ಎಂದ. ಅವನ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಮಾವನಿಗೆ ಮೀಸೆ ಇದೆ ಎಂದಷ್ಟೇ ಸಹಜವಾಗಿ ಹೇಳಿದ್ದ. ಆ ಸಂಜೆ ಹಿತ್ತಿಲಲ್ಲಿ ನಿಂತು ಒಳಗಿನ ನಗುವನ್ನು ಕೇಳುತ್ತಾ ಲೆಕ್ಕ ಹಾಕಿದೆವು. ದಿನಕ್ಕೆ ಹದಿನೈದು, ಒಂದೊಂದಕ್ಕೆ ಹತ್ತು ನಿಮಿಷ. ದಿನಕ್ಕೆ ಎರಡೂವರೆ ಗಂಟೆ ನಾವು ನಮ್ಮವರ ನಡುವೆ ಇರುತ್ತಿರಲಿಲ್ಲ. ಹಬ್ಬದ ಊಟಗಳು, ನಾಮಕರಣಗಳು, ಜಪಸರದ ಕೊನೆಯ ರಹಸ್ಯ, ಎಲ್ಲವೂ ಆ ಲೆಕ್ಕದಲ್ಲಿ ಬಂದವು. ಒಳಗೆ ಕುಳಿತಿರಬೇಕು ಎಂಬ ಆಸೆ ಅಂದು ಹುಟ್ಟಿತು. ಸಾಯಬಾರದೆಂಬ ಭಯ, ತಪ್ಪು ಮಾಡಿದೆನೆಂಬ ಅಳಲು ಮಾಡಲಾಗದ್ದನ್ನು ಈ ಆಸೆ ಮಾಡಿತು. ನಮ್ಮ ಕಾರಣ ಇನ್ನೊಬ್ಬರಿಗೆ ಒದಗಲಾರದು. ಒಬ್ಬರಿಗೆ ಗಾಯನವೃಂದದಲ್ಲಿ ಉಸಿರು ಕಟ್ಟದೆ ಹಾಡಬೇಕೆಂಬುದೇ ಕಾರಣವಾಗಬಹುದು, ಇನ್ನೊಬ್ಬರಿಗೆ ತಿಂಗಳಿಗೆ ಉಳಿಯುವ ಹಣ. ಮನೆಯವರು ಕೊಟ್ಟ ಕಾರಣ ಎಷ್ಟೇ ಉದಾತ್ತವಾಗಿರಲಿ, ಸೇದುವವನ ಪಾಲಿಗೆ ಅದು ಪರರ ಅಂಗಿ.

ಡಬ್ಲಿನ್ನಿನ ಕೂಲಿಗಾರ ಮ್ಯಾಟ್ ಟಾಲ್ಬಟ್ (1856–1925) ಅವರ ಹೆಸರನ್ನು ನಮ್ಮಲ್ಲಿ ಕೆಲವರಾದರೂ ಕೇಳಿದ್ದಾರೆ. ಧರ್ಮಸಭೆ 1975ರಲ್ಲಿ ಅವರನ್ನು ಪೂಜ್ಯರೆಂದು ಘೋಷಿಸಿತು. ಕುಡಿತದಲ್ಲಿ ಮುಳುಗಿದ್ದ ಅವರು 1884ರಲ್ಲಿ ಮದ್ಯ ಬಿಡುವ ಶಪಥ ಮಾಡಿದ್ದು ಜೀವಮಾನಕ್ಕಲ್ಲ, ಮೂರು ತಿಂಗಳಿಗೆ ಮಾತ್ರ. ಅದು ಮುಗಿದಾಗ ಇನ್ನಷ್ಟು ಕಾಲಕ್ಕೆ ಮುಂದುವರಿಸಿದರು. ಜೀವಮಾನದ ಶಪಥ ಬಂದದ್ದು ಆಮೇಲೆ. ತಂಬಾಕನ್ನೂ ಅವರು ಬಿಟ್ಟರು. ಮದ್ಯಕ್ಕಿಂತ ಅದು ಕಠಿಣವಾಯಿತೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ಓದಿದ ಮೇಲೆ ನಮ್ಮ ಹಳೆಯ ಅಭಿಪ್ರಾಯವೊಂದನ್ನು ತಿದ್ದಿಕೊಳ್ಳಬೇಕಾಯಿತು. ತಪಸ್ಸು ಕಾಲದ ವ್ರತಕ್ಕೆ ಕೊನೆಯ ದಿನವಿರುವುದೇ ದೋಷವೆಂದು ನಾವು ಬಗೆದಿದ್ದೆವು. ಟಾಲ್ಬಟ್ಟರ ಶಪಥಕ್ಕೂ ಕೊನೆಯ ದಿನವಿತ್ತು. ಆ ದಿನ ಬಂದಾಗ ಅವರು ಮತ್ತೆ ಶಪಥ ಮಾಡಿದರು, ನಾವು ಕಡ್ಡಿ ಗೀರಿದೆವು.

ಬರಿಯ ಮನೋಬಲದಿಂದಲೇ ಬಿಡಬೇಕೆಂಬ ಹಮ್ಮು ಬೇಡ. ಯಾವ ನೆರವೂ ಇಲ್ಲದೆ ಒಂದು ಸಲಕ್ಕೆ ಬಿಟ್ಟು ವರ್ಷ ದಾಟುವವರು ನೂರಕ್ಕೆ ಐದು ಮಂದಿಯೂ ಇಲ್ಲ. ವೈದ್ಯರು ಹೇಳುವ ನಿಕೋಟಿನ್ ಗಮ್ ಅಗಿಯುವುದರಲ್ಲಿ ನಾಚಿಕೆಯೇನೂ ಇಲ್ಲ. ಸರ್ಕಾರದ ಉಚಿತ ದೂರವಾಣಿ ಸಂಖ್ಯೆ 1800-11-2356 ಪೊಟ್ಟಣದ ಮೇಲೆಯೇ ಅಚ್ಚಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದರ ಕೇಂದ್ರವಿದ್ದು ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲವೆಂಬ ನಂಬಿಕೆಯೂ ತಪ್ಪು. ಆರದಂತೆ ಮತ್ತೆ ಮತ್ತೆ ಎಳೆಯಬೇಕಾದ ಬೀಡಿಯ ಹೊಗೆಯಲ್ಲಿ ವಿಷ ಕಡಿಮೆಯೇನಿಲ್ಲ.

ಬೀಡಿಯ ಮಾತು ಬಂದಾಗ ಕರಾವಳಿಯ ತಾಯಂದಿರು ನೆನಪಾಗದಿರುವುದಿಲ್ಲ. ಜಗಲಿಯಲ್ಲಿ ಕುಳಿತು, ಸಾವಿರಕ್ಕಿಷ್ಟೆಂಬ ಕೂಲಿಗೆ ಬೀಡಿ ಕಟ್ಟಿ ಮಕ್ಕಳ ಶಾಲಾ ಶುಲ್ಕ ತುಂಬಿದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕ. ಪೋಪ್ ಫ್ರಾನ್ಸಿಸ್ ಅವರು 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟವನ್ನು ನಿಲ್ಲಿಸಿ, ಬರುತ್ತಿದ್ದ ಲಾಭವನ್ನು ತೊರೆದರು. ಆ ತಾಯಂದಿರಿಗೆ ಅಂತಹ ಆಯ್ಕೆ ಇಲ್ಲ. ತಂಬಾಕಿನ ವಿರುದ್ಧ ಪ್ರಬೋಧನೆ ಮಾಡುವವರು ಇದನ್ನು ಮರೆತರೆ ಮೊದಲು ನೋಯುವವರು ಅವರೇ.

ಮನೆಯವರಿಗೆ ಒಂದು ಮಾತು. ನಲವತ್ತು ದಿನವೂ ಅವರ ಜೇಬು ತಡಕಬೇಡಿ, ಬಾಯಿ ಮೂಸಬೇಡಿ. ಪಾಸ್ಕ ಜಾಗರಣೆ ಮುಗಿದ ರಾತ್ರಿ ಮಾತ್ರ ಅವರನ್ನು ಗೇಟಿನ ಬಳಿ ಒಂಟಿಯಾಗಿ ಬಿಡದೆ ಜೊತೆಯಲ್ಲೇ ಮನೆಯವರೆಗೆ ನಡೆಯಿರಿ. ಪೆಂತೆಕೋಸ್ತ್ ಹಬ್ಬಕ್ಕೆ ಇನ್ನು ಐವತ್ತು ದಿನ, ಅಲ್ಲಿಯವರೆಗೆ ನೋಡೋಣವೇ ಎಂದು ದಾರಿಯಲ್ಲಿ ಕೇಳಿರಿ.