ಒಮ್ಮೆ ಮನೋರೋಗಿಯಾದವನು ಎಂದೆಂದಿಗೂ ಅಪಾಯಕಾರಿಯೇ?

ಅಮೆರಿಕದಲ್ಲಿ ಲೈಸೆನ್ಸ್ ಇರುವ ಅಂಗಡಿಯಿಂದ ಬಂದೂಕು ಕೊಳ್ಳುವವರು ಮೊದಲು ಒಂದು ಸರಕಾರಿ ಫಾರಂ ತುಂಬಬೇಕು. ನಿಮ್ಮನ್ನು ಎಂದಾದರೂ ಕಡ್ಡಾಯವಾಗಿ ಮಾನಸಿಕ ಆಸ್ಪತ್ರೆಗೆ ಸೇರಿಸಲಾಗಿತ್ತೇ ಎಂಬುದು ಅದರಲ್ಲಿರುವ ಪ್ರಶ್ನೆಗಳಲ್ಲೊಂದು. ಇಲ್ಲಿ ಗಮನಿಸಬೇಕಾದದ್ದು ‘ಎಂದಾದರೂ’ ಎಂಬ ಪದ. ಅದು ಹೋದ ವರ್ಷದ ಮಾತಾಗಬಹುದು, ನಲವತ್ತು ವರ್ಷ ಹಿಂದಿನದೂ ಆಗಬಹುದು. ಹೌದು ಎಂದರೆ ಬಂದೂಕು ಸಿಗುವುದಿಲ್ಲ. ಸುಳ್ಳು ಹೇಳಿದರೆ ಅದೇ ಒಂದು ಅಪರಾಧ.

ಬಂದೂಕು ನಮ್ಮ ಹೆಚ್ಚಿನ ಮನೆಗಳ ವಿಷಯವಲ್ಲ, ನಿಜ. ಆದರೆ ಆ ಪ್ರಶ್ನೆಯ ಹಿಂದಿರುವ ನಂಬಿಕೆ ನಮ್ಮದೂ ಹೌದು. ಒಮ್ಮೆ ಮನೋವೈದ್ಯರ ಬಾಗಿಲು ತಟ್ಟಿದವನನ್ನು ನಾವು ಯಾವಾಗ ಪೂರ್ತಿ ಗುಣವಾದವನೆಂದು ಒಪ್ಪಿದ್ದೇವೆ? ಮದುವೆ ಸಂಬಂಧ ಬಂದಾಗ ಹತ್ತು ವರ್ಷ ಹಿಂದಿನ ಆಸ್ಪತ್ರೆಯ ಸುದ್ದಿಯನ್ನು ಯಾರಾದರೂ ಕೆದಕಿಯೇ ಕೆದಕುತ್ತಾರೆ. ಹಾಗಾಗಿ ಅಮೆರಿಕದ ಈ ಕಾನೂನಿನ ಕತೆಯಿಂದ ನಾವು ತಿಳಿಯಬೇಕಾದದ್ದು ಸಾಕಷ್ಟಿದೆ.

1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದರು. ಅದೇ ವರ್ಷ ಅಲ್ಲಿನ ಸಂಸತ್ತು ಬಂದೂಕು ನಿಯಂತ್ರಣ ಕಾಯ್ದೆ ತಂದಿತು. ಅಪರಾಧಿಗಳ ಜೊತೆಗೆ, ಕಡ್ಡಾಯವಾಗಿ ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟವರಿಗೂ ಬಂದೂಕು ನಿಷಿದ್ಧವಾಯಿತು. ಕಡ್ಡಾಯ ಎಂದರೆ ನ್ಯಾಯಾಲಯ ಅಥವಾ ಅಂಥದೇ ಅಧಿಕಾರವುಳ್ಳ ಮಂಡಳಿ ಆದೇಶಿಸಿ ಸೇರಿಸುವುದು. ತಾನಾಗಿಯೇ ಚಿಕಿತ್ಸೆಗೆ ಸೇರಿದವನಿಗೆ ಆ ದೇಶದ ಕೇಂದ್ರ ಕಾನೂನಿನ ಈ ನಿಷೇಧ ಅನ್ವಯಿಸುವುದಿಲ್ಲ. ಬರೀ ನಿಗಾದಲ್ಲಿಡಲು ಕೆಲವು ದಿನ ಇರಿಸಿಕೊಂಡರೂ ಅನ್ವಯಿಸುವುದಿಲ್ಲ. ಅಲ್ಲಿ ಮಕ್ಕಳು, ತಮ್ಮಂದಿರು ಇರುವ ಕುಟುಂಬಗಳು ಇದನ್ನು ತಿಳಿದಿರುವುದು ಒಳ್ಳೆಯದು. ‘ಆಸ್ಪತ್ರೆಗೆ ಹೋದರೆ ಹೆಸರು ಸರಕಾರದ ಪಟ್ಟಿಗೆ ಸೇರುತ್ತದೆ’ ಎಂಬ ಹೆದರಿಕೆಯಲ್ಲಿ ಚಿಕಿತ್ಸೆ ಮುಂದೂಡುವವರು ಅಲ್ಲಿಯೂ ಇದ್ದಾರೆ. ಆದರೆ ಕೆಲವು ರಾಜ್ಯಗಳ ನಿಯಮ ಇನ್ನೂ ಬಿಗಿಯಾಗಿದೆ, ಆಯಾ ಊರಿನಲ್ಲಿ ವಿಚಾರಿಸಿಕೊಳ್ಳಬೇಕು.

ಈ ನಿಷೇಧಕ್ಕೆ ಕಾರಣವೇ ಇಲ್ಲ ಎನ್ನಲಾಗದು. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಕೊಂದ ವಿದ್ಯಾರ್ಥಿಗೆ, ಈತನಿಂದ ಈತನಿಗೇ ಅಪಾಯವಿದೆ ಎಂದು 2005ರಲ್ಲೇ ನ್ಯಾಯಾಧೀಶರು ಕಡ್ಡಾಯ ಚಿಕಿತ್ಸೆಗೆ ಆದೇಶಿಸಿದ್ದರು. ಆದರೆ ಅದು ಹೊರರೋಗಿಯಾಗಿ ಪಡೆಯಬೇಕಿದ್ದ ಚಿಕಿತ್ಸೆ. ಆದ್ದರಿಂದ ರಾಜ್ಯವು ಆ ಮಾಹಿತಿಯನ್ನು ಕೇಂದ್ರದ ಪಟ್ಟಿಗೆ ಕಳಿಸಲೇ ಇಲ್ಲ. ಆತ ಅಂಗಡಿಗೆ ಹೋಗಿ ಎರಡು ಪಿಸ್ತೂಲು ಕೊಂಡ.

ಇನ್ನೊಂದು ಪ್ರಕರಣ ನೋಡಿ. ಮಿಷಿಗನ್ ರಾಜ್ಯದ ಒಬ್ಬರು, ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ದಾಂಪತ್ಯ ಮುರಿದು ಹೆಂಡತಿ ಬಿಟ್ಟುಹೋದಾಗ ಕುಸಿದುಹೋದರು. ಗಾಬರಿಗೊಂಡ ಹೆಣ್ಣುಮಕ್ಕಳೇ ಪೊಲೀಸರ ನೆರವು ಕೇಳಿದರು. 1986ರಲ್ಲಿ ನ್ಯಾಯಾಲಯದ ಆದೇಶದಂತೆ ಅವರು ಕೆಲವು ವಾರ ಆಸ್ಪತ್ರೆಯಲ್ಲಿದ್ದು ಹೊರಬಂದರು, ಮತ್ತೆ ದುಡಿದರು, ಸಂಸಾರ ಕಟ್ಟಿಕೊಂಡರು. 2011ರಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಬಂದೂಕು ಕೊಳ್ಳಲು ಹೋದಾಗ ಹಳೆಯ ಆದೇಶ ಅಡ್ಡ ಬಂತು. ನಾನು ಗುಣವಾಗಿದ್ದೇನೆ, ಬೇಕಾದರೆ ಪರೀಕ್ಷಿಸಿ ಎನ್ನಲು ಒಂದು ಬಾಗಿಲೂ ಇರಲಿಲ್ಲ. ಕೇಂದ್ರದಲ್ಲಿ ವಿನಾಯಿತಿಯ ದಾರಿ ಕಾಯ್ದೆಯಲ್ಲಿ ಬರೆದಿತ್ತು. ಆದರೆ ಅಂಥ ಅರ್ಜಿ ಪರಿಶೀಲಿಸಲು ಸಂಸತ್ತು 1992ರಿಂದ ಹಣವನ್ನೇ ನಿಲ್ಲಿಸಿತ್ತು. ವರ್ಜೀನಿಯಾದ ಹತ್ಯಾಕಾಂಡದ ಬಳಿಕ ಬಂದ ತಿದ್ದುಪಡಿಯು ರಾಜ್ಯಗಳೇ ಇಂಥ ಅರ್ಜಿ ವಿಚಾರಿಸುವ ವ್ಯವಸ್ಥೆ ಮಾಡಲಿ ಎಂದಿತಾದರೂ ಮಿಷಿಗನ್ ಆಗ ಅದನ್ನು ಮಾಡಿರಲಿಲ್ಲ. 2016ರಲ್ಲಿ ಮೇಲ್ಮನವಿ ನ್ಯಾಯಾಲಯದ ಬಹುಮತ ಈ ವ್ಯಕ್ತಿಯ ದೂರಿನಲ್ಲಿ ಹುರುಳಿದೆ ಎಂದಿತು. 2020ರಲ್ಲಿ ಮತ್ತೊಂದು ಮೇಲ್ಮನವಿ ನ್ಯಾಯಾಲಯ, ಹದಿನೇಳನೆಯ ವಯಸ್ಸಿನಲ್ಲಿ ಆಸ್ಪತ್ರೆಗೆ ಸೇರಿಸಲ್ಪಟ್ಟಿದ್ದ ಇನ್ನೊಬ್ಬರ ಮೇಲಿನ ನಿಷೇಧವನ್ನು ಎತ್ತಿಹಿಡಿಯಿತು. ಆಗ ಆ ಘಟನೆಗೆ ಇಪ್ಪತ್ತು ವರ್ಷ ಕಳೆದಿತ್ತು.

ಬಂದೂಕು ಯಾರ ಕೈಯಲ್ಲೂ ಇರದಿದ್ದರೆ ಒಳ್ಳೆಯದು ಎನ್ನುವವಳು ನಾನು. ಆದರೂ ಮಿಷಿಗನ್‌ನ ಆ ಮುದುಕರ ವಾದ ಸರಿ ಎಂದೇ ನನಗನಿಸುತ್ತದೆ. ಕಾನೂನು ಅಪಾಯವನ್ನು ನೋಡಬೇಕಿತ್ತು, ಅದು ನೋಡಿದ್ದು ಹಳೆಯ ಕಾಗದವನ್ನು. ಕಾಗದವನ್ನಷ್ಟೇ ನೋಡುವ ಕಾನೂನಿನ ಇನ್ನೊಂದು ತುದಿ ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ ಕಂಡಿತು. ಅಲ್ಲಿನ ಮೀಸಲು ಸೈನಿಕನೊಬ್ಬ 2023ರ ಬೇಸಿಗೆಯಲ್ಲಿ ಎರಡು ವಾರ ಮಾನಸಿಕ ಚಿಕಿತ್ಸೆಯಲ್ಲಿದ್ದ. ಅದಕ್ಕೂ ಮೊದಲೇ ಆತನ ಮಗ ಮತ್ತು ಮಾಜಿ ಹೆಂಡತಿ ಪೊಲೀಸರನ್ನು ಎಚ್ಚರಿಸಿದ್ದರು. ಆದರೆ ನ್ಯಾಯಾಲಯದ ಆದೇಶ ಇರಲಿಲ್ಲ, ಬಂದೂಕುಗಳು ಅವನ ಬಳಿಯೇ ಉಳಿದವು. ಅಕ್ಟೋಬರ್‌ನಲ್ಲಿ ಅವನು 18 ಜನರನ್ನು ಕೊಂದ.

ಇಂಥ ಹತ್ಯಾಕಾಂಡಗಳು ಪತ್ರಿಕೆಯ ಮುಖಪುಟ ತುಂಬುವುದರಿಂದ ಮನೋರೋಗಿ ಎಂದರೆ ಕೊಲೆಗಾರ ಎಂಬ ಚಿತ್ರ ಮನಸ್ಸಿನಲ್ಲಿ ಕೂರುತ್ತದೆ. ಲೆಕ್ಕ ಬೇರೆಯೇ ಇದೆ. ತೀವ್ರ ಮನೋರೋಗಗಳು ಇಲ್ಲವೇ ಇಲ್ಲವೆಂದಾದರೂ ಅಮೆರಿಕದಲ್ಲಿ ಹಿಂಸೆ ಕಡಿಮೆಯಾಗುವುದು ಸುಮಾರು ಶೇಕಡಾ 4 ಮಾತ್ರ ಎಂಬುದು ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಅವರ ಅಂದಾಜು. ಬಂದೂಕು ಮತ್ತು ಕುಗ್ಗಿದ ಮನಸ್ಸು ಒಂದೇ ಮನೆಯಲ್ಲಿದ್ದಾಗ ಹೆಚ್ಚಾಗಿ ಸಾಯುವವನು ಆ ರೋಗಿಯೇ. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತ 48,830 ಮಂದಿಯಲ್ಲಿ 26,328 ಜನರದು ಆತ್ಮಹತ್ಯೆ. ಬಂದೂಕಿನಿಂದ ಆತ್ಮಹತ್ಯೆಗೆ ಯತ್ನಿಸಿದ ಹತ್ತರಲ್ಲಿ ಒಂಬತ್ತು ಜನ ಉಳಿಯುವುದಿಲ್ಲ. ಬೇರೆ ಯಾವುದೋ ವಿಧದಲ್ಲಿ ಯತ್ನಿಸಿ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಅಂದರೆ ಆ ಕೆಟ್ಟ ಗಳಿಗೆ ದಾಟಬೇಕು, ದಾಟುವವರೆಗೆ ಮಾರಕ ವಸ್ತು ಕೈಗೆ ಸಿಗಬಾರದು.

ಇದಕ್ಕೆ ಹೊಂದುವ ಕಾನೂನು 1999ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಬಂತು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಂಥದು ಇದೆ. ಒಬ್ಬನಿಂದ ಅವನಿಗೋ ಇತರರಿಗೋ ಸದ್ಯಕ್ಕೆ ಅಪಾಯವಿದೆ ಎಂದು ಪೊಲೀಸರು, ಹಲವೆಡೆ ಮನೆಯವರೇ, ನ್ಯಾಯಾಲಯಕ್ಕೆ ತಿಳಿಸಬಹುದು. ರೋಗದ ಹೆಸರು ಬೇಕಿಲ್ಲ. ಬಂದೂಕನ್ನು ಒಂದು ಅವಧಿಗೆ, ಸಾಮಾನ್ಯವಾಗಿ ಒಂದು ವರ್ಷದವರೆಗೆ, ತೆಗೆದಿಡುತ್ತಾರೆ, ಆಮೇಲೆ ಮತ್ತೆ ವಿಚಾರಿಸುತ್ತಾರೆ. ಕನೆಕ್ಟಿಕಟ್‌ನಲ್ಲಿ ಹೀಗೆ ಹತ್ತರಿಂದ ಇಪ್ಪತ್ತು ಸಲ ಬಂದೂಕು ತೆಗೆದಿಟ್ಟಾಗ ಒಂದು ಜೀವ ಉಳಿದಿದೆ ಎಂದು ಸ್ವಾನ್ಸನ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ.

ತೆಗೆದಿಡುವುದು ನಮಗೂ ಹೊಸತಲ್ಲ. ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡವರು ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಾರೆ, ಮುಗಿದ ಮೇಲೆ ತರುತ್ತಾರೆ. ರೈತರು ಇದರ ಬಗ್ಗೆ ಗೊಣಗುವುದುಂಟು, ಆದರೆ ಠಾಣೆಗೆ ಕೋವಿ ಕೊಟ್ಟವನನ್ನು ಯಾರೂ ಜೀವನಪೂರ್ತಿ ಅನುಮಾನದಿಂದ ನೋಡುವುದಿಲ್ಲ.

ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಬುದ್ಧಿ ಸ್ವಾಧೀನದಲ್ಲಿಲ್ಲದವರಿಗೆ ಬಂದೂಕು ಕೊಡಬಾರದು ಎನ್ನುತ್ತದೆ. ಆದರೆ ಅದರ ಪಕ್ಕದಲ್ಲೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಇದೆ. ಹಿಂದೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದದ್ದನ್ನೇ ಆಧಾರ ಮಾಡಿಕೊಂಡು ಒಬ್ಬನನ್ನು ಇಂದು ಅಥವಾ ಮುಂದೆ ಮನೋರೋಗಿ ಎಂದು ತೀರ್ಮಾನಿಸುವಂತಿಲ್ಲ. ಮನೋರೋಗ ಇರುವುದರಿಂದಲೇ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದೂ ಅರ್ಥವಲ್ಲ, ಅದನ್ನು ಹೇಳಬೇಕಾದದ್ದು ನ್ಯಾಯಾಲಯ. ಸಂಬಂಧ ನೋಡಲು ಬಂದವರು ಹಳೆಯ ಚೀಟಿ ಕೆದಕಿದಾಗ ಈ ಸೆಕ್ಷನ್ ಹೇಳಿ ಬಾಯಿ ಮುಚ್ಚಿಸಲಾಗದು ಎಂಬುದು ಬೇರೆ ಮಾತು.

ಮನೆಯಲ್ಲಿ ಯಾರಾದರೂ ನಿದ್ದೆ, ಊಟ ಬಿಟ್ಟು, ಬದುಕೇ ಬೇಡ ಎನ್ನತೊಡಗಿದರೆ ತೋಟದ ಕೋವಿಯನ್ನೂ ಅಡಿಕೆಗೆ ಹೊಡೆಯುವ ವಿಷದ ಡಬ್ಬಿಯನ್ನೂ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಅಂದೇ ಬೇರೊಬ್ಬರ ಮನೆಯಲ್ಲಿರಿಸಿ. ಕಾರಣವನ್ನು ಅವರ ಮುಂದೆಯೇ ಸಮಾಧಾನದಿಂದ ಹೇಳಿ, ಎಲ್ಲವೂ ಆಮೇಲೆ ಮರಳಿ ಬರುತ್ತದೆ ಎಂಬುದನ್ನೂ ಹೇಳಿ. ಅವರನ್ನು ಒಬ್ಬರನ್ನೇ ಬಿಡಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಯಾರನ್ನು ಕಾಣಬೇಕೆಂದು ತೋಚದಿದ್ದರೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.